ಮಣಿಕಟ್ಟಿನ ಕಿವಿ

"ಬೇಸಿಗೆಯಿಂದ ನಾನು ಬೇರೆ ಇರ್ತೀನಿ," ಎಂದು ಅತ್ತೆ ಅನ್ನ ಬಡಿಸುತ್ತಲೇ ಹೇಳಿದಳು. ಮೆಲ್ಲಗೆ ಹೇಳಿದೆ ಎಂದೇ ಅವಳು ತಿಳಿದಿದ್ದಳು. ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಇತ್ತ ತಿರುಗಿತು.

ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಹರೆಯದಲ್ಲಿ ಬಂದ ಒಂದು ಜ್ವರ, ಹೋಗುವಾಗ ಅವಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಮಾತು ಉಳಿಯಿತು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನೂ ಕಲಿತಳು. ತನ್ನ ದನಿ ಎಷ್ಟು ದೂರ ಹೋಗುತ್ತದೆ ಎಂಬ ಅಂದಾಜು ಮಾತ್ರ ಸಿಗಲಿಲ್ಲ. ಹಾಗಾಗಿ ಅವಳಿಗೆ ಹೇಳಿದ ಗುಟ್ಟು ಇಡೀ ಬೀದಿಗೆ ಹೇಳಿದ ಹಾಗೆಯೇ.

ಬಸ್ ಓಡಿಸುವ ಅಪ್ಪ, ಆಸ್ಪತ್ರೆಯಲ್ಲಿ ಪಾಳಿ ಮೇಲೆ ದುಡಿಯುವ ಅಮ್ಮ, ಮಂಡಿನೋವಿನ ಅಜ್ಜಿ, ಇಂಜಿನಿಯರಿಂಗ್ ಕೊನೆಯ ವರ್ಷದ ಮಗಳು. ಇವರ ನಡುವೆ ಅಪ್ಪನ ತಂಗಿಯಾದ ಈ ಅತ್ತೆ ಕಿಟಕಿ ಪಕ್ಕದಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು, ಅರ್ಧ ಬೀದಿಯ ಬಟ್ಟೆ ಹೊಲಿಯುತ್ತ, ಮನೆಯವರ ಊಟ ತಿಂಡಿಯನ್ನೂ ಅಜ್ಜಿಯ ಔಷಧಿಯನ್ನೂ ನೋಡಿಕೊಂಡು ಇದ್ದಳು. ಮಗಳಿಗೆ ತಂತಿ ಎಂಬ ಅಡ್ಡಹೆಸರು. ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿ ಒಳಗಿದ್ದ ತಂತಿಯನ್ನೆಲ್ಲ ಹೊರಗೆಳೆದದ್ದಕ್ಕೆ ಸಿಕ್ಕ ಬಿರುದು ಅದು.

"ಬೇರೆ ಅಂದ್ರೆ ಎಲ್ಲಿ?" ಎಂದ ಅಪ್ಪ.

"ಹಿಂದಿನ ಬೀದಿ ಟೈಲರ್ ಅಂಗಡಿ. ಆಯಮ್ಮ ಮಗಳ ಮನೆಗೆ ಹೋಗಿ ಇರ್ತಾರಂತೆ. ಮುಂದೆ ಅಂಗಡಿ, ಹಿಂದೆ ರೂಮು, ಒಲೆ ಇಡೋಕೆ ಜಾಗ. ಬೇಸಿಗೆ ತನಕ ಯಾರಿಗೂ ಕೊಡಲ್ಲ, ನೀನೇ ಬಾ ಅಂದ್ರು."

"ಬಾಗಿಲು ಬಡಿದ್ರೆ ನಿನಗೆ ಗೊತ್ತಾಗುತ್ತಾ? ಒಲೆ ಮೇಲಿಟ್ಟಿದ್ದು ಸೀದ್ರೆ? ಬೆಂಕಿ ಬಿದ್ರೆ? ಒಬ್ಬಳೇ ಇರೋದು ಅಂದ್ರೆ ಹುಡುಗಾಟ ಅಂದ್ಕೊಂಡ್ಯಾ?"

ಅಪ್ಪನ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಒಮ್ಮೆ ಎಲ್ಲರೂ ಹೊರಗೆ ಹೋಗಿದ್ದಾಗ ಹಾಲಿನ ಪಾತ್ರೆ ಸುಟ್ಟು ಅಡುಗೆಮನೆಯಲ್ಲಿ ಹೊಗೆ ತುಂಬಿತ್ತು. ನೆರೆಯವರು ಬಾಗಿಲು ಬಡಿದೂ ಬಡಿದೂ ಸೋತಿದ್ದರು. ಅತ್ತೆ ಮುಂದಿನ ಕೋಣೆಯಲ್ಲಿ ಹಾಯಾಗಿ ಗುಂಡಿ ಹಚ್ಚುತ್ತ ಕೂತಿದ್ದಳು. ಅವತ್ತು ರಾತ್ರಿ ಅಪ್ಪ ಮೂರು ಸಲ ಎದ್ದು ಹೋಗಿ ಒಲೆ ಆರಿದೆಯೇ ಎಂದು ನೋಡಿ ಬಂದದ್ದನ್ನು ತಂತಿ ಕಂಡಿದ್ದಳು.

ಅತ್ತೆಯ ಮುಖ ಸಣ್ಣದಾಯಿತು. ಸಾರಿನ ಸೌಟು ತೆಗೆದುಕೊಂಡು ಒಳಗೆ ಹೋದಳು.

"ಅಪ್ಪಾ, ಬಾಗಿಲು ಬಡಿದಿದ್ದು ಗೊತ್ತಾಗೋ ಹಾಗೆ ಮಾಡಿದ್ರೆ ಕಳಿಸ್ತೀಯಾ?" ಎಂದಳು ತಂತಿ.

"ನೋಡೋಣ."

"ನೋಡೋಣ ಗೀಡೋಣ ಬೇಡ. ಕಳಿಸ್ತೀಯೋ ಇಲ್ವೋ?"

"ಬಾಗಿಲು, ಒಲೆ, ಹೊಗೆ, ಮೂರೂ ಗೊತ್ತಾದ್ರೆ ಕಳಿಸ್ತೀನಿ. ಸಾಕಾ?" ಆಗದ ಕೆಲಸಕ್ಕೆ ಮಾತು ಕೊಡುವುದು ಸುಲಭ. ಅಪ್ಪ ಧಾರಾಳವಾಗಿಯೇ ಕೊಟ್ಟ.

ತಂತಿಗೆ ಕಾಲೇಜಿನ ಪ್ರಾಜೆಕ್ಟಿಗೆ ವಿಷಯ ಬೇಕಾಗಿತ್ತು. ಅವಳೂ ಅವಳ ಗೆಳತಿಯೂ ಸೇರಿ ಗಿಡಕ್ಕೆ ತಾನಾಗಿ ನೀರು ಹಾಕುವ ಯಂತ್ರ ಮಾಡುತ್ತೇವೆಂದು ಬರೆದುಕೊಟ್ಟಿದ್ದರು. ಗೈಡ್ ಮೇಡಂ ಅದನ್ನು ಓದಿ, "ಪ್ರತಿ ವರ್ಷ ಮೂರು ಬ್ಯಾಚು ಇದನ್ನೇ ಮಾಡ್ತಾರೆ. ನಮ್ಮ ಕಾಲೇಜಲ್ಲಿ ಒಂದು ಗಿಡನಾದ್ರೂ ನೆಟ್ಟಗಿದೆಯಾ, ನೋಡಿ," ಎಂದು ವಾಪಸ್ ಕೊಟ್ಟಿದ್ದರು. ಮರುದಿನ ತಂತಿ ಅತ್ತೆಗೆ ಬೇಕಾದ ಸಾಧನದ ಬಗ್ಗೆಯೇ ಹೊಸದಾಗಿ ಬರೆದು ಕೊಟ್ಟಳು. ಗೆಳತಿಯ ಕನ್ನಡಕ ದಪ್ಪ, ಹೆಸರು ಸೋಡಾಬುಡ್ಡಿ. ಪ್ರೋಗ್ರಾಂ ಬರೆಯುವ ಕೆಲಸ ಅವಳದು, ತಂತಿ ಬೆಸೆಯುವ ಕೆಲಸ ಇವಳದು.

ಮನೆಯ ಊಟದ ಮೇಜು ಕೈಬಿಟ್ಟು ಹೋಯಿತು. ಸಣ್ಣ ಬೋರ್ಡುಗಳು, ಬ್ಯಾಟರಿ, ಹಳೆಯ ಫೋನುಗಳಿಂದ ಕಿತ್ತ ಗುಂಡಿ ಗಾತ್ರದ ನಡುಗುವ ಮೋಟಾರುಗಳು. ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣಬೇಕಾಯಿತು. ಬೆಸುಗೆಯ ಕಡ್ಡಿ ತಾಗಿ ಮೇಜಿನ ಮೇಲೆ ಕಪ್ಪು ಕಲೆಯಾದಾಗ ಅಮ್ಮ, "ಓದೋಕೆ ಕಳಿಸಿದ್ರೆ ಕಮ್ಮಾರಿಕೆ ಕಲಿತು ಬಂದಿದ್ದಾಳೆ," ಎಂದು ಗೊಣಗಿದಳು.

ಮೊದಲು ಅವರು ಮೈಕು ಇಟ್ಟು ನೋಡಿದರು. ಸದ್ದು ಕೇಳಿಸಿಕೊಂಡು ಇದು ಬಾಗಿಲು, ಇದು ಕುಕ್ಕರು ಎಂದು ಗುರುತಿಸಿ, ಕೈಗೆ ಕಟ್ಟಿದ ಪಟ್ಟಿಯನ್ನು ನಡುಗಿಸಬೇಕು. ಕಾಲೇಜಿನ ಲ್ಯಾಬಿನಲ್ಲಿ ಸೊಗಸಾಗಿ ನಡೆಯಿತು. ಮನೆಗೆ ತಂದರೆ ಅಜ್ಜಿ ಸೀನಿದರೂ ಕುಕ್ಕರು, ಹೊಲಿಗೆ ಮಿಷನ್ ಓಡಿದರೂ ಬಾಗಿಲು. ಅತ್ತೆ ಒಂದು ಲಂಗ ಹೊಲಿಯುವಷ್ಟರಲ್ಲಿ ಎಂಟು ಹತ್ತು ಸಲ ಎದ್ದು ಹೋಗಿ ಖಾಲಿ ಹೊಸ್ತಿಲಿಗೆ "ಬನ್ನಿ" ಎಂದು ಬಂದಳು.

"ಇನ್ನೊಂದು ಸಲ ಸೀನಬೇಡ ಅಜ್ಜಿ," ಎಂದಳು ಸೋಡಾಬುಡ್ಡಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

"ನನ್ನ ಮೂಗು, ನನ್ನ ಸೀನು. ನಿನ್ನ ಡಬ್ಬಿಗೆ ಬುದ್ಧಿ ಹೇಳು," ಎಂದಳು ಅಜ್ಜಿ.

ತಂತಿ ಸೋತು ಕೂತಿದ್ದಳು. ಮಹಡಿಯ ಮೇಲೆ ಯಾರೋ ಏನೋ ಎಳೆದರು. ಅತ್ತೆ ತಲೆ ಎತ್ತದೆ ಅಂಗೈಯನ್ನು ಗೋಡೆಗೆ ಒತ್ತಿ, "ಮೇಲಿನವರು ಮಂಚ ಸರಿಸ್ತಿದ್ದಾರೆ," ಎಂದಳು. ಆ ಅಂಗೈಯನ್ನೇ ತಂತಿ ಬಹಳ ಹೊತ್ತು ನೋಡಿದಳು. ಆಮೇಲೆ ಮೈಕುಗಳನ್ನೆಲ್ಲ ಕಿತ್ತು ಡಬ್ಬಕ್ಕೆ ಹಾಕಿದಳು. ಕೇಳಿಸಿಕೊಳ್ಳುವುದನ್ನು ಬಿಟ್ಟು ಮುಟ್ಟಿ ತಿಳಿಯುವ ಸೆನ್ಸರ್ ಇಡೋಣ ಎಂದಳು. ಬಾಗಿಲ ಹಲಗೆಗೆ ಅದುರಿದರೆ ಹೇಳುವಂಥದು, ಒಲೆಯ ಪಕ್ಕಕ್ಕೆ ಬಿಸಿ ಅಳೆಯುವಂಥದು, ಸೂರಿಗೆ ಹೊಗೆ ಹಿಡಿಯುವಂಥದು. ಸೋಡಾಬುಡ್ಡಿ ಅದುವರೆಗೆ ಬರೆದದ್ದೆಲ್ಲ ವ್ಯರ್ಥವಾಯಿತು. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಹೊಸ ಪ್ರೋಗ್ರಾಂ ಸಮೇತ ಬಂದಳು. ಇಂಥ ಗೆಳತಿ ಸಿಗುವುದು ಪುಣ್ಯ ಎನ್ನಬೇಕು.

ಮಿಷನ್ ತುಳಿಯುವಾಗ ಕೈಯೇ ನಡುಗುತ್ತದಲ್ಲ, ಪಟ್ಟಿ ನಡುಗಿದ್ದು ತಿಳಿಯುವುದು ಹೇಗೆ? ಮೋಟಾರನ್ನು ಮಣಿಕಟ್ಟಿನ ಒಳಬದಿಗೆ, ನಾಡಿ ಹಿಡಿಯುವ ಜಾಗಕ್ಕೆ ತಂದರು. ಬಾಗಿಲಿಗೆ ಒಂದು ನಡುಕ, ಒಲೆಗೆ ಎರಡು, ಹೊಗೆಗೆ ಬಿಡದ ನಡುಕ ಎಂದು ಗುರುತು ಮಾಡಿದರು. ರಬ್ಬರ್ ಪಟ್ಟಿಯಿಂದ ತುರಿಕೆಯಾದಾಗ ಅತ್ತೆ ಅದನ್ನು ಬಿಸಾಡಿ, ಮೆತ್ತನೆಯ ಬಟ್ಟೆಯಲ್ಲಿ ತಾನೇ ಹೊಲಿದುಕೊಂಡಳು. ಬ್ಯಾಟರಿಗೊಂದು ಜೇಬು, ಮೋಟಾರಿಗೊಂದು ಜೇಬು, ಒಗೆಯಲು ಬಿಚ್ಚುವ ಗುಂಡಿ. ಕಾಲೇಜಿನ ಮೂರು ಆಯಾಮದ ಮುದ್ರಣ ಯಂತ್ರದಲ್ಲೂ ಅಷ್ಟು ಅಚ್ಚುಕಟ್ಟು ಬಂದಿರಲಿಲ್ಲ.

ಎಲ್ಲ ಜೋಡಿಸಿದ ದಿನ ಸೋಡಾಬುಡ್ಡಿ ಹೊರಗೆ ನಿಂತು ಬಾಗಿಲು ಬಡಿದಳು. ಮಿಷನ್ ಓಡುತ್ತಲೇ ಇತ್ತು. ಅತ್ತೆ ತಟ್ಟನೆ ತುಳಿಯುವುದನ್ನು ನಿಲ್ಲಿಸಿದಳು, ಮಣಿಕಟ್ಟು ನೋಡಿಕೊಂಡಳು, ಎದ್ದು ಹೋಗಿ ಬಾಗಿಲು ತೆರೆದಳು.

"ನೀನೇನಾ ಬಡಿದಿದ್ದು?"

"ಹೂಂ ಅತ್ತೆ, ನಾನೇ."

"ಮತ್ತೆ ಹೊರಗೆ ಹೋಗು. ಮತ್ತೆ ಬಡಿ."

ಅವಳನ್ನು ಎಷ್ಟು ಸಲ ಹೊರಗೆ ಕಳಿಸಿದಳೋ. "ಬಾಗಿಲು ಮುರಿದ್ರೆ ಯಾರು ಹಾಕಿಸಿಕೊಡ್ತಾರೆ?" ಎಂದು ಅಜ್ಜಿ ಕೂಗುತ್ತಿದ್ದಳು. ಅಡುಗೆಮನೆಯಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೊದಲ ಪರಿಶೀಲನೆಯಲ್ಲಿ ಗೈಡ್ ಮೇಡಂ ಬಹಳ ಮೆಚ್ಚಿದರು. "ಬಾಗಿಲು, ಒಲೆ ಸರಿ. ಮನೆಯವರು ಅವರನ್ನ ಕರೆಯೋದು ಹೇಗೆ? ಅಲ್ಲಲ್ಲಿ ಒಂದೊಂದು ಬಟನ್ ಇಡಿ. ಒತ್ತಿದ್ರೆ ಪಟ್ಟಿ ನಡುಗಲಿ. ಆಗ ನಿಮ್ಮ ಪ್ರಾಜೆಕ್ಟು ಪೂರ್ತಿ ಆಗುತ್ತೆ," ಎಂದರು. ಹುಡುಗಿಯರಿಗೂ ಹೌದಲ್ಲ ಎನಿಸಿತು. ಆ ವಾರವೇ ನಡುಮನೆಗೊಂದು, ಅಡುಗೆಮನೆಗೊಂದು, ಅಜ್ಜಿಯ ಮಂಚದ ತಲೆದೆಸೆಗೊಂದು ಕೆಂಪು ಬಟನ್ ಬಂತು, ಒಂದೊಂದಕ್ಕೂ ಬೇರೆ ಬೇರೆ ನಡುಕ.

ಅಜ್ಜಿ ಮೊದಲು ಒತ್ತಿದ್ದು ಅದು ಕೆಲಸ ಮಾಡುತ್ತದೋ ನೋಡಲು. ಎರಡನೆಯ ಸಲ ನೀರಿಗೆ. ಆಮೇಲೆ ಫ್ಯಾನ್ ಹಾಕಲು, ಆರಿಸಲು, ದಿಂಬು ಎತ್ತರಿಸಲು, ಮಳೆ ಬರುವ ಹಾಗಿದೆಯೇ ಎಂದು ಕೇಳಲು. ಅಪ್ಪ ಡ್ಯೂಟಿಗೆ ಹೊರಡುವಾಗ ಕಾಲುಚೀಲಕ್ಕೆ ಒತ್ತಿದ. ಅಮ್ಮ ಉಪ್ಪಿನ ಡಬ್ಬಿ ಎಲ್ಲಿಟ್ಟೆ ಎಂದು ಕೇಳಲು ಒತ್ತಿದಳು. ಸುಳ್ಳೇಕೆ, ತಂತಿಯೂ ಕುರ್ಚಿಯಲ್ಲಿ ಕೂತಲ್ಲಿಂದಲೇ ಚಹಾಕ್ಕೆ ಒತ್ತಿದಳು.

ಮುಂಚೆ ಅತ್ತೆಯನ್ನು ಕರೆಯಬೇಕಾದರೆ ಕರೆಯುವವರೇ ಎದ್ದು ಹೋಗಬೇಕಿತ್ತು, ಹೆಗಲು ಮುಟ್ಟಬೇಕಿತ್ತು. ಎದ್ದು ಹೋಗುವ ಸೋಮಾರಿತನಕ್ಕೆ ಎಷ್ಟೋ ಕೆಲಸಗಳನ್ನು ಜನ ತಾವೇ ಮಾಡಿಕೊಳ್ಳುತ್ತಿದ್ದರು. ಈಗ ಬೆರಳು ಸಾಕಿತ್ತು. ಮನೆಯವರು ಕೆಟ್ಟವರೇನಲ್ಲ. ಸಲೀಸಾಗಿ ಸಿಕ್ಕಿದ್ದನ್ನು ಬಳಸಿದರು, ಅಷ್ಟೇ. ಅಷ್ಟರಲ್ಲೇ ಒಬ್ಬಳ ಜೀವ ಹಣ್ಣಾಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

"ಪಟ್ಟಿ ಈ ವಾರ ಎಷ್ಟು ಸಲ ಕೆಲಸ ಮಾಡಿದೆ ಗೊತ್ತಾ? ಒಂದೂ ತಪ್ಪಿಲ್ಲ!" ಎಂದು ತಂತಿ ಲ್ಯಾಪ್‌ಟಾಪ್ ತೋರಿಸುತ್ತ ಕುಣಿದಳು.

ಅತ್ತೆ ಅವತ್ತು ಶಾಲೆಯ ಕೋಟೊಂದಕ್ಕೆ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಹಚ್ಚಿದ್ದಳು. ಅಂಥ ತಪ್ಪು ಅವಳಿಂದ ಹಿಂದೆಂದೂ ಆಗಿರಲಿಲ್ಲ. ಹೊಲಿಗೆ ಬಿಚ್ಚುತ್ತ ಕೂತವಳ ಮಣಿಕಟ್ಟು ಮತ್ತೆ ನಡುಗಿತು. ಎದ್ದು ಹೋದಳು. ಅಜ್ಜಿ, "ಏನಿಲ್ಲ, ಸುಮ್ಮನೆ," ಎಂದಳು.

ಅತ್ತೆ ಪಟ್ಟಿಯ ಗುಂಡಿ ಬಿಚ್ಚಿದಳು. ನೇರ ಮೇಜಿನ ಹತ್ತಿರ ಬಂದು ಅದನ್ನು ತಂತಿಯ ಮುಂದೆ ಇಟ್ಟಳು.

"ತಗೋ."

"ಯಾಕತ್ತೆ? ತುರಿಕೇನಾ?"

"ನನಗೆ ಕಿವಿ ಮಾಡಿಕೊಡ್ತೀನಿ ಅಂದೆ. ಇದು ಕಿವಿ ಅಲ್ಲ ಕಣೇ, ದನದ ಕೊರಳಿಗೆ ಕಟ್ಟೋ ಗಂಟೆ. ಅದನ್ನೂ ನನ್ನ ಕೈಲೇ ಹೊಲಿಸಿದ್ದೀಯ."

ಇಡೀ ಬೀದಿಗೆ ಕೇಳಿಸಿತು. ತಂತಿಯ ಮುಖಕ್ಕೆ ರಕ್ತ ನುಗ್ಗಿತು. ಇಷ್ಟು ಕಷ್ಟಪಟ್ಟಿದ್ದೇನೆ, ಒಂದು ಒಳ್ಳೆಯ ಮಾತಿಲ್ಲ ಎಂದು ಮೊದಲು ಸಿಟ್ಟು ಬಂತು. ಸಂಜೆ ಸೋಡಾಬುಡ್ಡಿಯ ಜತೆ ಕೂತು ಆ ವಾರದ ಲೆಕ್ಕವನ್ನು ಬೇರೆ ಬೇರೆ ಮಾಡಿ ನೋಡಿದಳು. ಬಾಗಿಲು ಬೆರಳೆಣಿಕೆಯಷ್ಟು. ಒಲೆ ಇನ್ನೂ ಕಡಿಮೆ. ಮಿಕ್ಕಿದ್ದೆಲ್ಲ ಮನೆಯವರೇ ಒತ್ತಿದ ಬಟನ್. ತನ್ನ ಪ್ರಾಜೆಕ್ಟಿನ ಯಶಸ್ಸು ಎಂದು ಕುಣಿದಿದ್ದು ಅತ್ತೆಯ ಓಡಾಟವನ್ನು ನೋಡಿ. ತಂತಿಗೆ ನಾಚಿಕೆಯಾಯಿತು.

"ಬಟನ್ ತೆಗೀತೀನಿ," ಎಂದಳು.

"ಮೇಡಂ ಹೇಳಿ ಮಾಡಿಸಿದ್ದು. ಮಾರ್ಕ್ಸು ಹೋಗುತ್ತೆ," ಎಂದಳು ಸೋಡಾಬುಡ್ಡಿ. ಸ್ವಲ್ಪ ಹೊತ್ತು ಕನ್ನಡಕ ಒರೆಸಿದಳು. "ಹೋದ್ರೆ ಹೋಗ್ಲಿ. ಸ್ಕ್ರೂಡ್ರೈವರ್ ಕೊಡು."

ಬೆಳಗ್ಗೆ ಅಜ್ಜಿ ತಲೆದೆಸೆಯ ಗೋಡೆಯನ್ನು ತಡವಿ ತಡವಿ ನೋಡಿದಳು. "ಇಲ್ಲಿದ್ದಿದ್ದು ಎಲ್ಲಿ ಹೋಯ್ತು?" ಅತ್ತೆ ಪಟ್ಟಿಯನ್ನು ಮತ್ತೆ ಕೈಗೆ ಕಟ್ಟಿಕೊಂಡು ಮಿಷನ್ ಮುಂದೆ ಕೂತಿದ್ದಳು. ಮಂಡಿಯನ್ನು ಬೈದುಕೊಳ್ಳುತ್ತ ಎದ್ದಳು, ಅಡುಗೆಮನೆವರೆಗೆ ಹೋದಳು, ನೀರು ಕುಡಿದಳು, ಹೋದ ಕೆಲಸಕ್ಕೆ ಎರಡು ಬಿಸ್ಕತ್ತನ್ನೂ ತಿಂದು ಬಂದಳು.

ಜಗಳ ಊಟಕ್ಕೆ ಕೂತಾಗ ಎದ್ದಿತು.

"ಮೇಡಂ ಮೆಚ್ಚಿದ್ದನ್ನೇ ಕಿತ್ತು ಹಾಕೋರು ಯಾರಾದ್ರೂ ಇದ್ದಾರಾ?" ಎಂದ ಅಪ್ಪ. "ಓದು ಮುಗಿಯೋ ಹೊತ್ತಲ್ಲಿ ಇದೆಂಥ ಹಟ?"

"ನೀನು ಕೇಳಿದ್ದು ಬಾಗಿಲು, ಒಲೆ, ಹೊಗೆ. ಮೂರೂ ಆಗಿದೆ. ಅತ್ತೆನ ಯಾವಾಗ ಕಳಿಸ್ತೀಯ ಹೇಳು."

"ಬ್ಯಾಟರಿ ಸತ್ತರೆ? ಮೊನ್ನೆ ಸತ್ತಿರಲಿಲ್ವಾ? ನಾನು ಅರ್ಧ ಗಂಟೆ ಹೊರಗೆ ನಿಂತಿದ್ದೆ."

"ಅದಕ್ಕೇ ಈಗ ಎರಡು ಪಟ್ಟಿ. ಒಂದು ಕೈಯಲ್ಲಿ, ಒಂದು ಚಾರ್ಜಿಗೆ. ಕಮ್ಮಿ ಆದ್ರೆ ಅದೇ ಮುಂಚೆ ನಡುಗಿ ಹೇಳುತ್ತೆ. ಇನ್ನೇನಿದೆ ನೆಪ?"

"ನೆಪ ಅಂತೀಯಾ? ನನ್ನ ತಂಗಿ ಅವಳು!" ಅಪ್ಪ ಮಗಳ ಕಡೆ ತಿರುಗಿ ಕೂಗಿದ.

"ಮುಖ ಈ ಕಡೆ ಮಾಡಿಕೊಂಡು ಜಗಳ ಆಡಿ," ಎಂದಳು ಅತ್ತೆ. "ನನ್ನ ವಿಷಯಾನೇ ತಾನೇ? ನನಗೂ ಸ್ವಲ್ಪ ಗೊತ್ತಾಗ್ಲಿ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಅಮ್ಮ ನಗಲಿಲ್ಲ. ತಟ್ಟೆ ಕೆಳಗಿಟ್ಟು, ಅತ್ತೆಗೆ ಕಾಣುವ ಹಾಗೆ ತಿರುಗಿ ಕೂತಳು.

"ನಾನು ನಿಜ ಹೇಳಿಬಿಡ್ತೀನಿ. ನೀನು ಹೋದ್ರೆ ನನಗೆ ಕೈ ಮುರಿದ ಹಾಗೆ. ನನ್ನ ಪಾಳಿ, ಇವರ ಪಾಳಿ, ಮನೆ, ಅಡುಗೆ. ನೀನಿದ್ದೀಯ ಅಂತ ನಾನು ಎಲ್ಲ ಬಿಟ್ಟು ನಿಶ್ಚಿಂತೆಯಿಂದ ಹೋಗಿ ಬರ್ತಿದ್ದೆ. ಅದು ನನ್ನ ಕಷ್ಟ. ಅದಕ್ಕೆ ನಿನ್ನ ಕಿವಿ ಮೇಲೆ ತಪ್ಪು ಹೊರಿಸೋದು ಬೇಡ." ಅಪ್ಪನ ಕಡೆ ನೋಡಿದಳು. "ನಿಮಗೂ ಹೇಳಿದೆ."

ಆ ಮನೆಯಲ್ಲಿ ಇಷ್ಟು ವರ್ಷ ಯಾರೂ ಆಡದ ಮಾತು ಅದು. ಅಮ್ಮನ ಬಗ್ಗೆ ಹೇಳುವುದಾದರೆ ಇದೊಂದನ್ನು ಹೇಳಲೇಬೇಕು: ನಷ್ಟ ಯಾರಿಗೆ ಹೆಚ್ಚೋ ಅವಳೇ ಬಾಯಿ ಬಿಟ್ಟಳು. ಅಪ್ಪ ಅನ್ನದಲ್ಲಿ ಬೆರಳಾಡಿಸುತ್ತ ಕೂತ.

"ಅತ್ತಿಗೆ," ಎಂದಳು ಅತ್ತೆ, ಆ ಸಲ ನಿಜವಾಗಿಯೂ ಮೆಲ್ಲಗೆ. "ಹಿಂದಿನ ಬೀದಿಗೆ ಹೋಗ್ತಿರೋದು. ಸಮುದ್ರ ದಾಟ್ತಿಲ್ಲ."

"ಹಂಗಾದ್ರೆ ನಾನೂ ದಿನಾ ಬಂದು ಅಂಗಡೀಲಿ ಕೂತ್ಕೋತೀನಿ," ಎಂದಳು ಅಜ್ಜಿ ಹುರುಪಿನಿಂದ.

"ಬಾ ಅಮ್ಮಾ. ಗುಂಡಿ ಹಚ್ಚೋಕೆ ಜನ ಬೇಕು. ಸುಮ್ಮನೆ ಕೂರೋಕೆ ಜಾಗ ಇಲ್ಲ."

ಕೊನೆಯ ಪರಿಶೀಲನೆಗೆ ಅತ್ತೆಯನ್ನೂ ಕರೆದುಕೊಂಡು ಹೋದರು. ದೊಡ್ಡ ಹಾಲಿನಲ್ಲಿ ಮೇಜುಗಳ ಸಾಲು. ಗಿಡಕ್ಕೆ ನೀರು ಹಾಕುವ ಯಂತ್ರಗಳು ಆ ವರ್ಷವೂ ಬಂದಿದ್ದವು. ತಂತಿ ಒಂದು ಹಲಗೆ ಬಾಗಿಲನ್ನೂ ಒಂದು ಒಲೆಯನ್ನೂ ಜೋಡಿಸಿ ಇಟ್ಟಿದ್ದಳು. ಅತ್ತೆ ಪರೀಕ್ಷಕರಿಗೆ ಬೆನ್ನು ಹಾಕಿ ನಿಂತಳು. ಅವರು ಬಾಗಿಲು ತಟ್ಟಿದಾಗ "ಬಾಗಿಲು" ಎಂದಳು, ಒಲೆ ಬಿಸಿಯೇರಿದಾಗ "ಒಲೆ" ಎಂದಳು. ಅವಳ ದನಿಗೆ ಹಾಲಿನ ಆ ತುದಿಯ ಹುಡುಗರೂ ಬೆಚ್ಚಿ ನೋಡಿದರು.

"ಬಟನ್ ಎಲ್ಲಿ?" ಎಂದರು ಗೈಡ್ ಮೇಡಂ, ಹುಬ್ಬು ಗಂಟಿಕ್ಕಿ. "ಅದು ಚೆನ್ನಾಗಿತ್ತಲ್ಲ."

"ತೆಗೆದ್ವಿ ಮೇಡಂ. ಅದು ಇವರಿಗೆ ಉಪಯೋಗ ಆಗ್ಲಿಲ್ಲ. ನಮಗೆ ಉಪಯೋಗ ಆಯ್ತು. ಹಾಗಾಗಿ ತೆಗೆದ್ವಿ," ಎಂದಳು ತಂತಿ.

ಮೇಡಂ ಅತ್ತೆಯ ಎದುರಿಗೆ ಬಂದು ನಿಧಾನವಾಗಿ ಕೇಳಿದರು. "ಮನೆಯವರು ಕರೆದ್ರೆ ನಿಮಗೆ ತಿಳೀಬೇಕಲ್ವಾ? ಅದು ಅನುಕೂಲ ತಾನೇ?"

"ನಿಮಗೂ ಒಂದು ಹೊಲಿದು ಕೊಡ್ತೀನಿ ಮೇಡಂ," ಎಂದಳು ಅತ್ತೆ. "ನೀವು ಕೈಗೆ ಕಟ್ಟಿಕೊಳ್ಳಿ. ಬಟನ್ನು ನಿಮ್ಮ ಮನೆಯವರ ಕೈಲಿ ಕೊಡಿ. ಒಂದು ವಾರ ಬಿಟ್ಟು ಮಾತಾಡೋಣ."

ಪಕ್ಕದ ಮೇಜಿನವರು ಗೊಳ್ಳೆಂದರು. ಮೇಡಂ ತಾವೂ ನಕ್ಕರು. ನಗು ನಿಂತ ಮೇಲೂ ಅವರು ಅತ್ತೆಯ ಕೈಪಟ್ಟಿಯನ್ನು ಹಿಡಿದು ನೋಡುತ್ತಲೇ ಇದ್ದರು. "ನನ್ನ ಅಮ್ಮನೂ ಕರೆದಾಗೆಲ್ಲ ಓಡ್ತಿದ್ರು. ಇದ್ದಿದ್ರೆ ಅವರಿಗೆ ತೋರಿಸ್ತಿದ್ದೆ," ಎಂದಷ್ಟೇ ಹೇಳಿ ಮುಂದಿನ ಮೇಜಿಗೆ ಹೋದರು. ಮೊದಲ ಬಹುಮಾನ ಗೋಡೆ ಹತ್ತುವ ಒಂದು ಯಂತ್ರಕ್ಕೆ ಹೋಯಿತು. ಇವರಿಗೆ ಒಳ್ಳೆಯ ಮಾರ್ಕ್ಸೇ ಬಂತು. ಸೋಡಾಬುಡ್ಡಿ ಮಾತ್ರ ಆ ಗೋಡೆ ಹತ್ತುವ ಯಂತ್ರ ಕೆಳಗೆ ಬೀಳುವುದನ್ನು ನೋಡಲು ಸಂಜೆವರೆಗೆ ಕಾದಿದ್ದಳು.

ಬೇಸಿಗೆಯಲ್ಲಿ ಅತ್ತೆ ಹೋದಳು. ಅಪ್ಪ ಮಾತಿಗೆ ತಪ್ಪಲಿಲ್ಲ. ಹೊಲಿಗೆ ಮಿಷನ್ನನ್ನು ತಾನೇ ಹೊತ್ತುಕೊಂಡು ಹೋಗಿ ಇಟ್ಟು ಬಂದ. ಹೊಸ ಬಾಗಿಲಿಗೆ, ಒಲೆಗೆ, ಸೂರಿಗೆ ಹುಡುಗಿಯರು ಸೆನ್ಸರ್ ಕೂರಿಸಿದರು. ಅಪ್ಪ ಕಾಗದದ ಉಂಡೆಗೆ ಬೆಂಕಿ ಹಚ್ಚಿ ಸೂರಿನ ಕೆಳಗೆ ಹಿಡಿದು ನೋಡಿದ. ಪಟ್ಟಿ ನಡುಗಿ ಅತ್ತೆ ಓಡಿ ಬಂದು, "ಅಂಗಡಿ ಸುಡೋಕೆ ಬಂದ್ಯಾ ಅಣ್ಣ?" ಎಂದು ಕಾಗದ ಕಿತ್ತುಕೊಂಡಳು. ಇಲ್ಲಿ ಮನೆಯಲ್ಲಿ ಅನ್ನ ಒಂದು ದಿನ ಮುದ್ದೆಯಾಯಿತು, ಇನ್ನೊಂದು ದಿನ ಸೀದಿತು. ಅಮ್ಮನ ಪಾಳಿಯ ದಿನ ತರಕಾರಿ ಹೆಚ್ಚುವ ಕೆಲಸ ಅಪ್ಪನಿಗೆ ಬಂತು. ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಕೈಗೆ ಈರುಳ್ಳಿ ಬಗ್ಗಲಿಲ್ಲ. ಅಳುತ್ತಲೇ ಹೆಚ್ಚಿದ. ಅಜ್ಜಿ ಕೋಲೂರಿಕೊಂಡು ದಿನವೂ ಹಿಂದಿನ ಬೀದಿಗೆ ಹೋಗಿ ಗುಂಡಿ ಹಚ್ಚಿ ಬರುತ್ತಿದ್ದಳು, ಬಂದು ಕೂಲಿ ಕಡಿಮೆ ಎಂದು ದೂರುತ್ತಿದ್ದಳು.

ಒಂದು ಭಾನುವಾರ ಅಪ್ಪ ತಂತಿಯನ್ನು ಕರೆದುಕೊಂಡು ತಂಗಿಯನ್ನು ನೋಡಲು ಹೊರಟ. ಅಂಗಡಿಗೆ ರಜೆ, ಗಾಜಿನ ಬಾಗಿಲು ಹಾಕಿತ್ತು. ಒಳಗೆ ಅತ್ತೆ ಮಿಷನ್ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದು ಕಾಣುತ್ತಿತ್ತು. ಅಪ್ಪ ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದ.

ಅತ್ತೆ ಏಳಲಿಲ್ಲ. ಬಟ್ಟೆ ಸರಿಯುತ್ತಲೇ ಇತ್ತು.

ಅಪ್ಪನ ಮುಖದ ಬಣ್ಣ ಹೋಯಿತು. "ನೋಡು. ಗೊತ್ತಾಗಲೇ ಇಲ್ಲ. ನಾನು ಮೊದಲೇ ಹೇಳಿದ್ನಲ್ಲ," ಎಂದು ಮುಷ್ಟಿ ಬಿಗಿದು ಮತ್ತೆ ಬಡಿಯಲು ಹೋದ. ತಂತಿ ಅವನ ಕೈ ಹಿಡಿದುಕೊಂಡಳು.

"ಗೊತ್ತಾಗಿದೆ ಅಪ್ಪಾ. ಎಡಗೈ ನೋಡ್ಕೊಂಡಳು. ನಿಲ್ಲು."

ಅವರು ನಿಂತರು. ಬೀದಿಯಲ್ಲಿ ಹೋಗುವವರು ಇವರನ್ನು ನೋಡಿಕೊಂಡು ಹೋದರು. ಒಳಗೆ ಮಿಷನ್ ಉದ್ದದ ಹೊಲಿಗೆಯೊಂದನ್ನು ಕೊನೆಮುಟ್ಟಿಸಿತು. ಅತ್ತೆ ದಾರ ಕತ್ತರಿಸಿದಳು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಮಡಿಸಿ ಪಕ್ಕಕ್ಕಿಟ್ಟಳು. ಸೊಂಟ ನೇರ ಮಾಡಿಕೊಂಡು ಎದ್ದು ಬಂದು ಬಾಗಿಲು ತೆರೆದಳು.

"ಗೊತ್ತಾಗಿರಲಿಲ್ವಾ?" ಎಂದ ಅಪ್ಪ.

"ಗೊತ್ತಾಯ್ತು. ಅಂಚು ಮುಗಿಸಿ ಬಂದೆ," ಎಂದಳು ಅತ್ತೆ, ಬೀದಿಗೆಲ್ಲ ಕೇಳಿಸುವಂತೆ.

ಅಪ್ಪ ತಂಗಿಯ ಮುಖವನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಹುಟ್ಟಿದಾಗಿನಿಂದ ಒಂದೇ ಸೂರಿನಡಿ ಇದ್ದು, ಅವಳನ್ನು ಎಂದೂ ಕೇಳದಿದ್ದ ಒಂದು ಮಾತನ್ನು, ತುಟಿ ಚೆನ್ನಾಗಿ ಕಾಣುವ ಹಾಗೆ ನಿಧಾನವಾಗಿ ಕೇಳಿದ.

"ಒಳಗೆ ಬರಬಹುದಾ?"